ನಡುವಿನ ದೊಡ್ಡ ಉರಿ

"ನಂದೇ ಅಂತ ಒಂದು ಅಡುಗೆಮನೆ ಆದ್ಮೇಲೆ ನೀವು ಲೆಫ್ಸೇನ ಮೇಲ್ಗಡೆ ಮಾಡ್ತೀರಿ, ಆರ್ಡಿಸ್. ಈ ನೆಲಮಾಳಿಗೆಯಲ್ಲಿ ಅಲ್ಲ. ಮಾತು ಕೊಡ್ತಿದೀನಿ."

ಮದುವೆಯಾದ ವರ್ಷದ ಡಿಸೆಂಬರಿನಲ್ಲಿ ನಾನು ಅತ್ತೆಗೆ ಹೇಳಿದ ಮಾತು ಇದು. ಗಂಡನ ಮನೆಯ ಊಟದ ಮೇಜಿನ ಸುತ್ತ ಅಣ್ಣತಮ್ಮಂದಿರು, ಚಿಕ್ಕಪ್ಪಂದಿರು, ಅವರ ಹೆಂಡಿರು ಮಕ್ಕಳೆಲ್ಲ ಸೇರಿ ಇಸ್ಪೀಟು ಆಡುತ್ತಿದ್ದರು. ಆರ್ಡಿಸ್ ಎಲ್ಲಿ ಎಂದು ಕೇಳಿದರೆ ಯಾರೋ ಎಲೆಯಿಂದ ಕಣ್ಣು ತೆಗೆಯದೆ ಕೆಳಗೆ ಕೈ ತೋರಿಸಿದರು. ಇಳಿದು ನೋಡಿದೆ. ಹಳೆಯ ಗ್ಯಾಸ್ ಒಲೆಯ ಮೇಲೆ ದುಂಡನೆಯ ಕಬ್ಬಿಣದ ಹಂಚು, ಹಂಚಿನ ಮೇಲೆ ಆಲೂಗಡ್ಡೆಯ ರೊಟ್ಟಿ, ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು, ಸೊಂಟವನ್ನು ಫ್ರೀಜರಿಗೆ ಆನಿಸಿ ನಿಂತ ಆರ್ಡಿಸ್. ಒಬ್ಬರೇ. ಕಪಾಟಿನ ಮೇಲೆ ರೇಡಿಯೋ ಹಾಡುತ್ತಿತ್ತು. ನನ್ನನ್ನು ಕಂಡು ಅದರ ಸದ್ದು ತಗ್ಗಿಸಿದರು.

ಲೆಫ್ಸೆ ಮಾಡಿದರೆ ಹಿಟ್ಟು ಮನೆಯೆಲ್ಲ ಹಾರುತ್ತದೆ. ಬೇಯಿಸಿದ ಆಲೂಗಡ್ಡೆಯನ್ನು ಶಾವಿಗೆ ಒತ್ತಿನಂಥದ್ದರಲ್ಲಿ ಒತ್ತಿ, ಬೆಣ್ಣೆ ಕೆನೆ ಕಲಸಿ, ಒಂದು ರಾತ್ರಿ ತಣ್ಣಗಿಟ್ಟು, ಮರುದಿನ ಮೈದಾ ಸೇರಿಸಿ, ಆಚೆಯ ಬೆಳಕು ಈಚೆ ಕಾಣುವಷ್ಟು ತೆಳ್ಳಗೆ ಲಟ್ಟಿಸಬೇಕು. ಅದಕ್ಕೇ ನಮ್ಮ ಕಡೆ ಹೊಸ ಒಲೆ ಬಂದರೆ ಹಳೆಯದನ್ನು ಯಾರೂ ಎಸೆಯುವುದಿಲ್ಲ, ನೆಲಮಾಳಿಗೆಗೆ ಇಳಿಸುತ್ತಾರೆ. ಅದರ ಜೊತೆ ಅತ್ತೆಯಂದಿರನ್ನೂ ಇಳಿಸುತ್ತಾರೆ ಎಂದು ಆ ದಿನ ನನಗನ್ನಿಸಿತು. ಇಪ್ಪತ್ತಾರು ವಯಸ್ಸು, ಹೊಸ ಸೊಸೆ; ಇಂಥ ಮಾತೆಲ್ಲ ಬಾಯಿಗೆ ಬೇಗ ಬರುತ್ತದೆ.

"ಆಗಲಿ ಬಿಡಮ್ಮ," ಎಂದರು ಆರ್ಡಿಸ್. "ಬರೋವಾಗ ಬಾಗಿಲು ಹಾಕ್ಕೊಂಡು ಬಂದ್ಯಾ? ಮೇಲಿನ ಸೆಕೆ ಇಳಿದ್ರೆ ಹಿಟ್ಟು ಮೆತ್ತಗಾಗುತ್ತೆ."

"ಹಾಕ್ಕೊಂಡು ಬಂದೆ."

"ಹೋಗೋವಾಗಲೂ ಹಾಕ್ಕೋ."

ಆಮೇಲೆ ವರ್ಷಗಳು ಕಳೆದವು. ನಾನೂ ಗಂಡ ಕರ್ಟ್‌ನೂ ಮನೆ ಕೊಂಡೆವು, ಮಗಳು ಸಿಗ್ನೆ ಹುಟ್ಟಿದಳು, ಮಾಡು ಸೋರಿತು, ಮಾಡು ಹೊದಿಸಿದೆವು. ನಾನು ಚೀಸ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಪಾಳಿ, ಕರ್ಟ್ ಹಾಲಿನ ಟ್ಯಾಂಕರ್ ಓಡಿಸುತ್ತಾನೆ. ಇಬ್ಬರೂ ಒಟ್ಟಿಗೆ ಎಚ್ಚರವಿರುವ ಹೊತ್ತಿನಲ್ಲಿ ಅಡುಗೆಮನೆಯ ಬಗ್ಗೆ ಯೋಚಿಸುವಷ್ಟು ಹುರುಪು ಯಾರಿಗಿತ್ತು? ಮನೆಯ ಜೊತೆಗೇ ಬಂದಿದ್ದ ಒಲೆಯಲ್ಲಿ ಎರಡು ಬರ್ನರ್ ಹತ್ತುತ್ತಿದ್ದವು, ಅದರಲ್ಲೇ ಕಾಲ ತಳ್ಳಿದೆವು. ಆರ್ಡಿಸ್ ಪ್ರತಿ ಡಿಸೆಂಬರಿನಲ್ಲೂ ನೆಲಮಾಳಿಗೆಗೆ ಇಳಿಯುತ್ತಿದ್ದರು. ನನ್ನ ಮಾತನ್ನು ಅವರು ಒಂದು ಸಲವೂ ಎತ್ತಲಿಲ್ಲ. ಎತ್ತುವವರೂ ಅಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ಸಿಂಕಿನ ಕೆಳಗಿನ ಕೊಳವೆ ಸೋರಿ ನೆಲ ಕೊಳೆತು, ಫ್ರಿಜ್ಜಿನ ಒಂದು ಕಾಲು ಕುಸಿಯಿತು. ಕರ್ಟ್ ನೆಲ ಕಿತ್ತ. ನೆಲ ಕಿತ್ತ ಮೇಲೆ ಕಪಾಟು ತೆಗೆಯಬೇಕಾಯಿತು, ಕಪಾಟು ತೆಗೆದ ಮೇಲೆ ಒಲೆ. ಬೇಡವೆಂದರೂ ಅಡುಗೆಮನೆ ಹೊಸದಾಗುವ ಹಾಗಾಯಿತು.

ಅದೇ ಬೇಸಿಗೆಯಲ್ಲಿ ಆರ್ಡಿಸ್‌ಗೆ ಎಡ ಸೊಂಟದ ಕೀಲು ಬದಲಿಸಿದರು. ಇನ್ನು ಮೆಟ್ಟಿಲು ಹತ್ತಿಳಿಯುವಂತಿಲ್ಲ ಎಂದರು ಡಾಕ್ಟರು. ಆರ್ಡಿಸ್ ಇರುವುದು ಕರ್ಟ್‌ನ ತಮ್ಮ ವರ್ಲಿನ್ ಜೊತೆ, ಆ ನೆಲಮಾಳಿಗೆಯಿದ್ದ ಹಳೆಯ ಡೇರಿ ಮನೆಯಲ್ಲೇ. ಆಗಸ್ಟಿನ ಒಂದು ಭಾನುವಾರ ಅಲ್ಲಿ ಕಾಫಿಗೆ ಕೂತಿದ್ದಾಗ ಆರ್ಡಿಸ್ ಕಿಟಕಿಯಾಚೆ ನೋಡುತ್ತ, "ಈ ವರ್ಷ ಲೆಫ್ಸೇನ ಚರ್ಚಿನ ಮಾರಾಟದಲ್ಲಿ ಕೊಂಡ್ರಾಯ್ತು," ಎಂದರು.

ವರ್ಲಿನ್ ಕಪ್ಪು ಕೆಳಗಿಟ್ಟ. "ಚರ್ಚಿಂದು ರಟ್ಟು ಇದ್ದಂಗಿರುತ್ತೆ ಅಂತ ನೀನೇ ಅಂತಿದ್ದೆಯಲ್ಲಮ್ಮ."

"ರಟ್ಟು ಅಂದಿಲ್ಲ. ಗಟ್ಟಿ ಅಂದಿದ್ದೆ."

"ಎಲೆಕ್ಟ್ರಿಕ್ ಕಾವಲಿ ತಂದ್ಕೊಡ್ತೀನಿ. ಈಗ ಎಲ್ಲರ ಮನೇಲೂ ಅದೇ. ಮೇಜಿನ ಮೇಲಿಟ್ಕೊಂಡು ಕೂತು ಮಾಡು."

"ಅದು ರೊಟ್ಟಿ ಬೇಯಿಸಲ್ಲ, ವರ್ಲಿನ್. ಒಣಗಿಸುತ್ತೆ."

ಅಷ್ಟು ಹೇಳಿ ಅವರು ತಟ್ಟೆ ತೊಳೆಯಲು ಎದ್ದರು. ಹುಟ್ಟಿದಾಗಿನಿಂದ ಕೊಂಡ ಲೆಫ್ಸೆ ಮನೆಗೆ ತಂದವರಲ್ಲ ಆರ್ಡಿಸ್. ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ ಒಂದು ವರ್ಷ ಕೈಬಿಟ್ಟ ಕೆಲಸವನ್ನು ಯಾರೂ ಮತ್ತೆ ಹಿಡಿಯುವುದಿಲ್ಲ. ಇದು ನನಗೆ ಗೊತ್ತು, ನಮ್ಮಮ್ಮ ಹೊಲಿಗೆ ಬಿಟ್ಟದ್ದು ಹೀಗೇ. ಕಾರಿನಲ್ಲಿ ವಾಪಸ್ ಬರುವಾಗ ಕರ್ಟ್‌ಗೆ ಹೇಳಿದೆ: ಬರುವ ಒಲೆ ಲೆಫ್ಸೆಗೆ ಆಗುವಂಥದ್ದಿರಬೇಕು, ಡಿಸೆಂಬರಿಗೆ ಮೊದಲು ಬರಬೇಕು. ಅವನು ಹ್ಞೂಂ ಎಂದ. ನಾನು ಮಾತು ಕೊಟ್ಟದ್ದು ಅವನಿಗೂ ಗೊತ್ತಿತ್ತು.

ಲಾಕ್ರಾಸ್‌ನ ಪೇಟೆಯ ಒಲೆಯಂಗಡಿಗೆ ಸೆಪ್ಟೆಂಬರಿನ ಒಂದು ಶನಿವಾರ ಹೋದೆವು, ಆರ್ಡಿಸ್‌ರನ್ನೂ ಕರೆದುಕೊಂಡು. ಅವರು ಊರುಗೋಲು ಹಿಡಿದು ಒಂದು ಕುರ್ಚಿಯಲ್ಲಿ ಕೂತರು. ನಮ್ಮಲ್ಲಿ ಕಿಟಕಿಗೂ ಗೋಡೆಗೂ ನಡುವೆ ಇದ್ದದ್ದು ಮೂವತ್ತಾರು ಇಂಚು ಜಾಗ. ಕೆಳಗೆ ಓವನ್ ಇಲ್ಲದ, ಕಟ್ಟೆಯ ಮೇಲೇ ಕೂರುವ, ನಾಬ್‌ಗಳು ಮುಂದಿರುವ ಗ್ಯಾಸ್ ಒಲೆ ನೋಡುತ್ತಿದ್ದೆವು. ಅಂಗಡಿಯ ವೆಂಡೆಲ್ ಸಾಲಾಗಿ ತೋರಿಸಿದ.

"ಮೂವತ್ತಾರರಲ್ಲಿ ಮೂರು ಥರಾ ಬರುತ್ತೆ. ಒಂದು, ಆರು ಬರ್ನರ್. ಎರಡು, ನಾಲ್ಕು ಬರ್ನರ್, ನಡುವೆ ಕಾವಲಿ. ಮೂರು, ಮೂಲೆಗೊಂದು ಬರ್ನರ್, ನಡುವೆ ಒಂದು ದೊಡ್ಡದು."

"ಆರು," ಎಂದ ಕರ್ಟ್, ಯೋಚನೆಯೇ ಮಾಡದೆ. "ಆರು ತಗೊಂಡ್ಬಿಡೋಣ."

"ನಿಂಗೆ ಬರೋದು ಮೊಟ್ಟೆ ಬೇಯಿಸೋದೊಂದೇ. ಅದಕ್ಕೆ ಎಷ್ಟು ಬರ್ನರ್ ಬೇಕು?"

"ಒಂದು. ಆದ್ರೆ ಆರಿದ್ರೆ ಯಾವುದರ ಮೇಲೆ ಅಂತ ಆರಿಸ್ಕೋಬಹುದಲ್ಲ."

ವೆಂಡೆಲ್ ನಕ್ಕು ಎರಡನೆಯದರ ಮುಚ್ಚಳ ಎತ್ತಿದ. ಕೆಳಗೆ ಕನ್ನಡಿಯ ಹಾಗೆ ಹೊಳೆಯುವ ಉಕ್ಕಿನ ಕಾವಲಿ, ಒಲೆಯೊಳಗೇ ಕೂಡಿಸಿದ್ದು, ಎಣ್ಣೆ ಹರಿದುಹೋಗಲು ಮುಂದೊಂದು ಸಣ್ಣ ಕಾಲುವೆ. "ಪ್ಯಾನ್‌ಕೇಕ್ ಹಾಕಿ, ಬೇಕನ್ ಹಾಕಿ. ನಿಮ್ಮ ನಾರ್ವೆ ಕಡೆಯವರು ಲೆಫ್ಸೆಗೂ ಒಯ್ತಾರೆ. ನಾನು ಜರ್ಮನ್ ಪೈಕಿ, ನಂಗೆ ಲೆಫ್ಸೆ ಗೊತ್ತಿಲ್ಲ. ಆದ್ರೆ ಯಾರೂ ವಾಪಸ್ ತಂದ್ಕೊಟ್ಟಿಲ್ಲ."

"ಈ ಮೂರನೇದು?" ಎಂದು ಕೇಳಿದ ಕರ್ಟ್.

"ಅದು ಚೀನಾದವರ ಬಾಣಲೆಗೆ. ಎರಡು ಸುತ್ತಿನ ಉರಿ, ಒಳಗೊಂದು ಹೊರಗೊಂದು. ಭಾರಿ ಜೋರು. ನಾನು ಈ ಅಂಗಡಿಗೆ ಬಂದಾಗಿಂದ ಒಂದೇ ಒಂದು ಮಾರಿದೀನಿ, ಯೂನಿವರ್ಸಿಟಿಯ ಪ್ರೊಫೆಸರ್ ಒಬ್ರಿಗೆ."

ನಾವು ಬಾಣಲೆಯಲ್ಲಿ ಏನು ಹುರಿಯುವವರು? ನಾನು ಕಾವಲಿಯ ಕಡೆ ತಿರುಗಿದೆ. ಆರ್ಡಿಸ್ ಮಾತ್ರ ಊರುಗೋಲಿನ ಮೇಲೆ ಗಲ್ಲ ಊರಿ ಆ ಮೂರನೆಯದನ್ನೇ ನೋಡುತ್ತಿದ್ದರು. ಆಯಾಸವಾಗಿರಬೇಕು, ಕಣ್ಣು ಹೋದಲ್ಲಿ ನೋಡುತ್ತಿದ್ದಾರೆ ಎಂದುಕೊಂಡೆ.

"ಆರ್ಡಿಸ್, ಈ ಕಾವಲಿ ಇರೋದು ನಿಮಗೆ ಸರಿಹೋಗುತ್ತಾ?"

"ನಂಗೇನಮ್ಮ. ಅಡುಗೆಮನೆ ನಿಂದು. ಯಾವುದಾದ್ರೂ ಆಗುತ್ತೆ."

ನಮ್ಮ ಕಡೆ ಒಂದು ಕಪ್ ಕಾಫಿ ಕೊಡುವುದಕ್ಕೂ ಮೂರು ಸಲ ಕೇಳಬೇಕು. ಮೊದಲ ಸಲದ 'ಬೇಡ' ಮರ್ಯಾದೆಗೆ. ಎರಡನೆಯದು ಸಂಕೋಚಕ್ಕೆ. ಮೂರನೆಯ ಸಲ ಬರುವುದೇ ಉತ್ತರ. ಇದನ್ನು ನಮಗೆ ಯಾರೂ ಕಲಿಸುವುದಿಲ್ಲ. ನಡೆಯಲು ಕಲಿತ ಹಾಗೆ ಕಲಿತಿರುತ್ತೇವೆ. ಆದರೆ ನಾನು ಅವತ್ತು ರಾತ್ರಿ ಪಾಳಿ ಮುಗಿಸಿ ನಿದ್ದೆಯಿಲ್ಲದೆ ಬಂದಿದ್ದೆ. ಸಿಗ್ನೆಯನ್ನು ಬ್ಯಾಸ್ಕೆಟ್‌ಬಾಲ್‌ನಿಂದ ಕರೆತರುವ ಹೊತ್ತಾಗುತ್ತಿತ್ತು. ಒಂದೇ ಸಲ ಕೇಳಿದೆ. ನಾಲ್ಕು ಬರ್ನರ್, ನಡುವೆ ಕಾವಲಿ ಎಂದು ವೆಂಡೆಲ್‌ಗೆ ಹೇಳಿ ಬಂದೆ. ನವೆಂಬರಿನ ಮಧ್ಯಕ್ಕೆ ಬರುತ್ತದೆ ಎಂದ. ಎಲ್ಲ ಸರಿಯಾಯಿತು ಎಂದು ಸಮಾಧಾನಪಟ್ಟುಕೊಂಡೆ.

ಅಕ್ಟೋಬರಿನಲ್ಲಿ ಕಪಾಟುಗಳು ಕೂತವು. ಕಟ್ಟೆಯ ಕಲ್ಲು ಇನ್ನೂ ಬಂದಿರಲಿಲ್ಲ, ಪ್ಲೈವುಡ್ ಹಾಸಿತ್ತು. ಒಂದು ಸೋಮವಾರ ಬಡಗಿ ಬಂದು ಚಿಮಣಿಗೆ ಗೋಡೆ ಕೊರೆಯುವವನಿದ್ದ. ಅದಕ್ಕೆ ಕರ್ಟ್ ಫ್ರಿಜ್ಜಿನ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಒಲೆಯಷ್ಟೇ ಅಳತೆಯ ಒಂದು ಹಾಳೆ ಮಾಡಿ, ಬರ್ನರ್ ಎಲ್ಲಿ ಕಾವಲಿ ಎಲ್ಲಿ ಎಂದು ಕಪ್ಪು ಮಾರ್ಕರಿನಲ್ಲಿ ಬರೆದು, ಒಲೆ ಬರುವ ಜಾಗದಲ್ಲಿ ಇಟ್ಟಿದ್ದ. ಸಿಗ್ನೆ ಆ ರಟ್ಟಿನ ಬರ್ನರಿನ ಮೇಲೆ ಒಂದು ಪಾತ್ರೆ ಇಟ್ಟು, "ಊಟ ರೆಡಿ, ಬನ್ನಿ," ಎಂದು ಕೂಗಿ ಹೋಗಿದ್ದಳು. ತಿಂಗಳಿಂದ ತಣ್ಣನೆಯ ಸ್ಯಾಂಡ್‌ವಿಚ್ ತಿಂದ ಹದಿನೈದರ ಹುಡುಗಿಗೆ ಅಷ್ಟು ಕುಹಕ ಬರದೆ ಇರುತ್ತದೆಯೇ?

ಅದರ ಹಿಂದಿನ ಭಾನುವಾರ ಚರ್ಚು ಮುಗಿಸಿ ವರ್ಲಿನ್ ತಾಯಿಯನ್ನು ನಮ್ಮಲ್ಲಿ ಇಳಿಸಿಹೋದ. ಆರ್ಡಿಸ್ ಬರಿಗೈಯಲ್ಲಿ ಬಂದಿರಲಿಲ್ಲ. ಸ್ನಾನದ ಟವಲಿನಲ್ಲಿ ಸುತ್ತಿದ ದುಂಡನೆಯ ಲಟ್ಟಿಸುವ ಮಣೆಯನ್ನು ಕರ್ಟ್ ಕಾರಿನಿಂದ ಎತ್ತಿ ತಂದ.

"ಇದಕ್ಕೆ ಇಲ್ಲಿ ಜಾಗ ಸಾಲುತ್ತಾ ನೋಡೋಣ ಅಂತ ತಂದೆ," ಎಂದರು ಆರ್ಡಿಸ್.

ಲೆಫ್ಸೆಯ ಮಣೆಗೆ ಬಿಗಿಯಾಗಿ ಬಟ್ಟೆ ಹೊದಿಸಿರುತ್ತದೆ. ಬಟ್ಟೆಯ ಮೇಲೆ ಒಂದರೊಳಗೊಂದು ಉಂಗುರಗಳು, ಪ್ರತಿಯೊಂದರ ಪಕ್ಕ ಅದರ ಇಂಚು. ಆರ್ಡಿಸ್‌ರ ಮಣೆಯಲ್ಲಿ ಹದಿನಾಲ್ಕರ ಉಂಗುರ ಹಿಟ್ಟು ತಿಂದು ತಿಂದು ಮಾಸಿಹೋಗಿತ್ತು. ಅದಕ್ಕಿಂತ ಒಳಗಿನವೆಲ್ಲ ಹೊಸದರ ಹಾಗೆ ಕಪ್ಪಗೇ ಇದ್ದವು. ಅವರು ಮಣೆಯನ್ನು ಕಟ್ಟೆಯ ಮೇಲಿಟ್ಟು, ಸ್ವಲ್ಪ ಎಡಕ್ಕೆ ಸರಿಸಿದರು. ಇನ್ನೂ ಸ್ವಲ್ಪ. ಮಣೆ ರಟ್ಟಿನ ಮೇಲೆ ಬಂದು, ಕರ್ಟ್ ಬರೆದ ಕಾವಲಿಯ ಮೇಲೆ ಸರಿಯಾಗಿ ಕೂತಿತು. ಆಮೇಲೆ ಅವರು ಹೋಗಿ ಮೇಜಿನ ಬಳಿ ಕೂತರು.

ನಾನು ಕಾಫಿ ಬಗ್ಗಿಸಲು ಹೋದವಳು ಅಲ್ಲೇ ನಿಂತೆ. ಮಾಸಿದ ಉಂಗುರ ಕಾವಲಿಯ ಗೆರೆ ದಾಟಿ ಎರಡೂ ಕಡೆ ಬರ್ನರುಗಳ ಮೇಲೆ ಚಾಚಿಕೊಂಡಿತ್ತು. ಕಾವಲಿ ಉದ್ದಕ್ಕಿತ್ತು, ಅಗಲಕ್ಕಿರಲಿಲ್ಲ. ಹನ್ನೊಂದೇ ಇಂಚು. ಅಂಗಡಿಯಲ್ಲಿ ಹೊಳಪು ನೋಡಿದ್ದೆ, ಅಗಲ ನೋಡಿರಲಿಲ್ಲ.

ಕಪ್ಪು ಅವರ ಮುಂದಿಟ್ಟು ಕೂತೆ. "ಆರ್ಡಿಸ್, ಆ ಕಾವಲಿ ಮೇಲೆ ಲೆಫ್ಸೆ ಹಿಡಿಸಲ್ಲ ಅಲ್ವಾ?"

"ಚಿಕ್ಕದಾಗಿ ಮಾಡಿದ್ರಾಯ್ತು."

"ಚಿಕ್ಕದು ಮಾಡೋಕೆ ನಿಮಗೆ ಇಷ್ಟಾನಾ?"

"ರುಚಿ ಎಲ್ಲಾ ಒಂದೇ. ನಮ್ಮ ನಾದಿನಿ ಗ್ಲಾಡಿಸ್ ಚಿಕ್ಕದೇ ಮಾಡ್ತಿದ್ಲು." ಯಾರೋ ಜೈಲಿಗೆ ಹೋಗಿಬಂದವರ ಹೆಸರು ಹೇಳುವ ಹಾಗಿತ್ತು ಆ ದನಿ.

ಮೂರನೆಯ ಸಲ ಕೇಳಿದೆ. "ಆರ್ಡಿಸ್. ಯಾವ ಒಲೆ ಬೇಕಿತ್ತು ನಿಮಗೆ?"

ಅವರು ಸಕ್ಕರೆಯಿಲ್ಲದ ಕಾಫಿಯನ್ನು ಚಮಚದಿಂದ ಒಂದಷ್ಟು ಹೊತ್ತು ಕಲಕಿದರು.

"ಆ ಪ್ರೊಫೆಸರ್ ತಗೊಂಡು ಹೋಗಿದ್ದು."

ಕರ್ಟ್ ಕೈಲಿದ್ದ ಅಳತೆಯ ಟೇಪು ಕೆಳಗೆ ಹಾಕಿದ. "ಅಮ್ಮ! ಅಂಗಡೀಲೇ ಹೇಳಬಾರದಿತ್ತಾ?"

"ಕೇಳಿದ್ರೆ ಹೇಳ್ತಿದ್ದೆ."

"ಈ ಜನೆಲ್ ಕೇಳಿದ್ಲಲ್ಲ! ನಾನೇ ಅಲ್ಲಿದ್ದೆ!"

"ಒಂದ್ಸಲ," ಎಂದರು ಆರ್ಡಿಸ್.

ಕರ್ಟ್ ನನ್ನ ಮುಖ ನೋಡಿದ.

ಒಮ್ಮೆ ಬಾಯಿ ಬಿಟ್ಟ ಮೇಲೆ ಆರ್ಡಿಸ್ ಎಲ್ಲವನ್ನೂ ಹೇಳಿದರು. ಅವರ ಕಬ್ಬಿಣದ ಹಂಚು ಅವರ ತಾಯಿಯದು, ಅಗಲ ಹದಿನಾರು ಇಂಚು. ಸಾಧಾರಣ ಬರ್ನರಿನ ಮೇಲಿಟ್ಟರೆ ನಡುವೆ ಸುಟ್ಟು ಅಂಚು ಹಸಿ ಉಳಿಯುತ್ತದೆ. ಎರಡು ಬರ್ನರಿಗೆ ಅಡ್ಡ ಇಟ್ಟರೆ ನಡುವೆ ತಣ್ಣಗೆ. ನೆಲಮಾಳಿಗೆಯ ಹಳೆಯ ಒಲೆಯಲ್ಲಿ ಒಂದು ದೊಡ್ಡ ಸುತ್ತಿನ ಉರಿ ಇತ್ತು, ಹಾಗಾಗಿ ಇಷ್ಟು ವರ್ಷ ನಡೆಯಿತು. ಅಂಗಡಿಯ ಮೂರನೆಯ ಒಲೆಯಲ್ಲೂ ಅಂಥದ್ದೇ ಉರಿ ಕಂಡಿದ್ದರು, ಅಷ್ಟೇ ಅಲ್ಲ, ಅದರ ಒಳಸುತ್ತನ್ನು ಬೇರೆಯಾಗಿ ತಗ್ಗಿಸಬಹುದು ಎಂಬುದನ್ನೂ ಗಮನಿಸಿದ್ದರು.

"ಬಾಣಲೆಗೆ ಅಂತ ಮಾಡಿದಾರೋ ಯಾತಕ್ಕೆ ಮಾಡಿದಾರೋ. ಉರಿಗೇನು ಗೊತ್ತು," ಎಂದರು.

ಸೋಮವಾರ ಊಟದ ಬಿಡುವಿನಲ್ಲಿ ವೆಂಡೆಲ್‌ಗೆ ಫೋನು ಮಾಡಿದೆ. ಬದಲಿಸಬಹುದು, ಆದರೆ ಮೂರನೆಯ ಥರದ್ದನ್ನು ಹೇಳಿ ಮಾಡಿಸಬೇಕು, ಫೆಬ್ರವರಿ ಕೊನೆಗೆ ಮೊದಲು ಬರುವುದಿಲ್ಲ ಎಂದ. ಕಾವಲಿಯದ್ದು ಬೇಕಿದ್ದರೆ ಇನ್ನೆರಡು ವಾರದಲ್ಲೇ ಕಳಿಸುತ್ತೇನೆ ಎಂದ.

ಅವತ್ತು ಸಂಜೆ ಕರ್ಟ್ ಮತ್ತು ನಾನು ಜಗಳವಾಡಿದೆವು; ನಮ್ಮಲ್ಲಿ ಜಗಳ ಅಂದರೆ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತ ಮೆಲ್ಲಗೆ ಮಾತಾಡುವುದು.

"ಜನವರೀಲಿ ಅಮ್ಮಂಗೆ ಬಲ ಸೊಂಟಕ್ಕೂ ಆಪರೇಷನ್ನು. ಆಮೇಲೆ ನಿಲ್ಲೋಕಾಗುತ್ತೋ ಇಲ್ವೋ. ಈಗಿದ್ದದ್ದರಲ್ಲಿ ಈ ಕ್ರಿಸ್‌ಮಸ್‌ಗೆ ಚಿಕ್ಕದನ್ನೇ ಮಾಡ್ಲಿ ಬಿಡು. ಮಾಡಿದಂಗಾದ್ರೂ ಆಗುತ್ತೆ."

"ಚಿಕ್ಕದು ಮಾಡಲ್ಲ ಅವರು. ಮಣೆ ನೋಡಿದ್ಯಲ್ಲ, ಒಳಗಿನ ಉಂಗುರ ಒಂದೂ ಮಾಸಿಲ್ಲ."

"ಮಾಡೇ ಮಾಡ್ತಾಳೆ. ನೀನು ಕೊಟ್ಟ ಒಲೆ ಅಂತ ಮಾಡ್ತಾಳೆ."

"ಅದೇ ನಾನು ಹೇಳ್ತಿರೋದು. ನನಗೋಸ್ಕರ ಮಾಡ್ತಾರೆ. ಮೇಲೆ ಮಾಡ್ತೀರಿ ಅಂತ ಮಾತು ಕೊಟ್ಟಿದ್ದೆ ಕಣೋ, ಗ್ಲಾಡಿಸ್ ಥರಾ ಮಾಡ್ತೀರಿ ಅಂತಲ್ಲ."

ಅವನು ಪ್ಲೈವುಡ್ ಮೇಲಿನ ಮರದ ಪುಡಿ ಸವರಿಹಾಕಿದ. "ಸರಿ. ಆದ್ರೆ ಮಾರ್ಚ್ ಹೊತ್ತಿಗೆ ಅವಳು ಒಲೆ ಮುಂದೆ ಬರದೆ ಹೋದ್ರೆ ಆ ಚೀನಾ ಉರೀಲಿ ನಾನು ಮೊಟ್ಟೆ ಬೇಯಿಸ್ಬೇಕಾಗುತ್ತೆ."

"ಬೇಯಿಸು."

ಒಲೆ ಬದಲಿಸಿದೆ. ಮಾತು ಉಳಿಯುವುದೋ ಹೋಗುವುದೋ ಈಗ ಆರ್ಡಿಸ್‌ರ ಸೊಂಟದ ಮೇಲಿತ್ತು.

ಚಳಿಗಾಲ ಉದ್ದವಾಗಿತ್ತು. ಬಟ್ಟೆ ಒಗೆಯುವ ಯಂತ್ರದ ಮೇಲೆ ಒಂದು ಕರೆಂಟ್ ಒಲೆ ಇಟ್ಟುಕೊಂಡು ಅಡುಗೆ ಮಾಡಿದೆ. ಯಂತ್ರ ಬಟ್ಟೆ ಹಿಂಡಲು ಶುರುಮಾಡಿದರೆ ಸೂಪು ತುಳುಕುತ್ತಿತ್ತು. ಕ್ರಿಸ್‌ಮಸ್ಸಿಗೆ ಚರ್ಚಿನಿಂದ ಕೊಂಡ ಲೆಫ್ಸೆ ಬಂತು. ಆರ್ಡಿಸ್ ಅದಕ್ಕೆ ಬೆಣ್ಣೆ ಸವರಿ, ಸಕ್ಕರೆ ಉದುರಿಸಿ, ಸುರುಳಿ ಸುತ್ತಿ, ಅರ್ಧ ತಿಂದರು. "ತಿನ್ನಬಹುದು," ಎಂದರು. ರಟ್ಟು ಎಂದು ಯಾರೂ ಹೇಳಲಿಲ್ಲ, ವರ್ಲಿನ್ ಕೂಡ.

ಜನವರಿಯ ಆಪರೇಷನ್ ಸರಿಯಾಯಿತು, ಚೇತರಿಕೆ ಮಾತ್ರ ನಿಧಾನ. ನಾನು ಪಾಳಿ ಮುಗಿಸಿ ಹೋಗಿ ನೋಡಿದಾಗಲೆಲ್ಲ ಕಿಟಕಿ ಪಕ್ಕ ಕೂತೇ ಇರುತ್ತಿದ್ದರು. ಫೆಬ್ರವರಿಯಲ್ಲಿ ಒಮ್ಮೆ, "ಆ ಒಲೆ ಬಂದ್ರೆ ನೀನೇ ಮಾಡಮ್ಮ. ನಾನು ಕೂತು ನೋಡ್ತೀನಿ," ಎಂದರು.

"ನೀವೇ ಮಾಡ್ಬೇಕು."

"ನೋಡೋಣ."

ಆಮೇಲೂ ಎರಡು ಸಲ ಕೇಳಿದೆ. ಮೂರು ಸಲವೂ 'ನೋಡೋಣ' ಎಂದೇ ಬಂತು. ಮೂರನೆಯ ಸಲವೂ ಬದಲಾಗದ ಉತ್ತರ ಅವರಿಂದ ನಾನು ಕೇಳಿದ್ದು ಅದೇ ಮೊದಲು. ಮನೆಗೆ ಬಂದು ಕರ್ಟ್‌ಗೆ ಹೇಳಲಿಲ್ಲ.

ಒಲೆ ಮಾರ್ಚಿನ ಮೊದಲ ವಾರ ಬಂತು. ಊರಾಚೆಯ ಮನೆ ನಮ್ಮದು, ಹಿತ್ತಲಿನ ಟ್ಯಾಂಕಿನ ಗ್ಯಾಸು. ಗ್ಯಾಸಿನವನು ಬಂದು ಬರ್ನರಿಗೆ ಗ್ಯಾಸು ಬಿಡುವ ಮೂತಿಗಳನ್ನೆಲ್ಲ ಅದಕ್ಕೆ ತಕ್ಕ ಸಣ್ಣ ತೂತಿನವಕ್ಕೆ ಬದಲಿಸಿದ. ನಡುವಿನ ದೊಡ್ಡದನ್ನು ಹಚ್ಚಿದಾಗ ಎರಡು ನೀಲಿ ಉಂಗುರಗಳು ಎದ್ದು, ಒಳಗಿನದು ತಗ್ಗಿ, ಹೊರಗಿನದು ಹಾಗೇ ನಿಂತಿತು. ವರ್ಲಿನ್‌ಗೆ ಫೋನು ಮಾಡಿ, ಶನಿವಾರ ಅಮ್ಮನನ್ನೂ ಹಂಚನ್ನೂ ಕರೆತಾ ಎಂದೆ. ಆಲೂಗಡ್ಡೆಯನ್ನು ನಾನು ಶುಕ್ರವಾರವೇ ಬೇಯಿಸಿ ಒತ್ತಿ ತಣ್ಣಗಿಟ್ಟೆ. ಸುದ್ದಿ ಹೇಗೋ ಹರಡಿತು. ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಕಾರಿನ ಮೇಲೆ ಕಾರು.

"ಮಾರ್ಚಲ್ಲಿ ಲೆಫ್ಸೆ!" ಎನ್ನುತ್ತಲೇ ಒಳಗೆ ಬಂದ ವರ್ಲಿನ್. "ಹಂಗಾದ್ರೆ ಈಸ್ಟರ್ ಮೊಟ್ಟೆ ಡಿಸೆಂಬರಲ್ಲಾ?"

ಅವನ ಹಿಂದೆ ಆರ್ಡಿಸ್, ಊರುಗೋಲು ಹಿಡಿದು, ಏಪ್ರನ್ನನ್ನು ಮನೆಯಲ್ಲೇ ಕಟ್ಟಿಕೊಂಡು ಬಂದಿದ್ದರು. ಏಪ್ರನ್ ಕಂಡ ಮೇಲೆ ನನಗೆ ಉಸಿರು ಬಂತು.

ಒಲೆಯ ಮುಂದೆ ಎತ್ತರದ ಸ್ಟೂಲು ಇಟ್ಟಿದ್ದೆ. ಅದರ ಮೇಲೆ ಅರ್ಧ ಕೂತು ಅರ್ಧ ನಿಂತು, ಹಂಚು ಕಾದ ಮೇಲೆ ಅದರ ಮೇಲೆ ಒಂದು ಚಿಟಿಕೆ ಮೈದಾ ಉದುರಿಸಿದರು. ಹಿಟ್ಟು ನಡುವಿನಿಂದ ಅಂಚಿನವರೆಗೂ ಒಂದೇ ಸಮನೆ ಕೆಂಪಗಾಯಿತು. ಆರ್ಡಿಸ್ ಅದನ್ನು ಒರೆಸಿಹಾಕಿ, "ಲಟ್ಟಿಸು," ಎಂದರು ನನಗೆ.

ಲಟ್ಟಿಸಿದೆ. ಅವರು ಉದ್ದನೆಯ ತೆಳು ಮರದ ಪಟ್ಟಿಯನ್ನು ರೊಟ್ಟಿಯ ಕೆಳಗೆ ತೂರಿಸಿ ಎತ್ತುವುದಕ್ಕೂ, ನೋಡಬೇಕೆಂದು ಬಗ್ಗಿದ ಯಾರದೋ ಮೊಣಕೈ ತಾಗುವುದಕ್ಕೂ ಸರಿಹೋಯಿತು. ಮೊದಲ ಲೆಫ್ಸೆ ಹರಿಯಿತು. ಎರಡನೆಯದು ಹಂಚಿನ ಮೇಲಿದ್ದಾಗ, "ಸೊಂಟ ಹೇಗಿದೆ ಆರ್ಡಿಸ್?" ಎಂದು ಕರ್ಟ್‌ನ ಚಿಕ್ಕಪ್ಪ ಕೇಳಿದರು, ಉತ್ತರ ಹೇಳುವಷ್ಟರಲ್ಲಿ ಅದು ಕರಕಾಯಿತು. ಅಡುಗೆಮನೆ ತುಂಬ ಜನ. ಒಬ್ಬರು ಒಲೆ ಹೊಗಳುತ್ತಿದ್ದರು, ಇನ್ನೊಬ್ಬರು ಚಿಮಣಿ ಜೋರು ಮಾಡಿ ಎನ್ನುತ್ತಿದ್ದರು, ಸಿಗ್ನೆ ಫೋಟೋ ತೆಗೆಯುತ್ತಿದ್ದಳು. ಇದನ್ನೇ ನಾನು ವರ್ಷಗಳಿಂದ ಮನಸ್ಸಿನಲ್ಲಿ ನೋಡಿಕೊಂಡು ಬಂದಿದ್ದೆ: ಬೆಳಕು, ಜನ, ನಡುವೆ ಆರ್ಡಿಸ್. ಆರ್ಡಿಸ್‌ರ ಕಣ್ಣು ಮಾತ್ರ ಕರಕಾದ ರೊಟ್ಟಿಯ ಮೇಲಿತ್ತು.

"ಕರ್ಟ್, ನಿಮ್ಮ ನೆಲಮಾಳಿಗೆ ಬೆಚ್ಚಗಿದೆಯಾ?" ಎಂದರು.

"ಇದೆ. ಯಾಕಮ್ಮ, ಚಳಿಯಾಗ್ತಿದೆಯಾ?"

"ನಂಗಲ್ಲ." ಮೂರನೆಯ ರೊಟ್ಟಿ ಹಂಚಿಗೆ ಬಿತ್ತು. ಅಂಚು ಮಡಚಿಕೊಂಡಿತು. "ಅಲ್ಲಿ ಮೇಜಿತ್ತಲ್ಲ?"

"ಇದೆ."

"ಇಸ್ಪೀಟೂ ಇರಬೇಕು."

ಕರ್ಟ್‌ಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು, ಮೂರು ಸಲ ಹೇಳಿದ್ದರು. ಲಟ್ಟಣಿಗೆ ಕೆಳಗಿಟ್ಟು ಎಲ್ಲರ ಕಡೆ ತಿರುಗಿದೆ.

"ಎಲ್ಲರೂ ಕೆಳಗೆ ಹೋಗಿ. ಕಾಫಿ ಅಲ್ಲಿಗೇ ಕಳಿಸ್ತೀನಿ."

"ಏನಿದು?" ಎಂದ ವರ್ಲಿನ್. "ಅಮ್ಮನ್ನ ಮೇಲಕ್ಕೆ ತರಬೇಕು ಅಂತ ಮನೆ ಒಡೆದು ಕಟ್ಟಿದ್ದು ನೀನು. ಈಗ ನಮ್ಮನ್ನ ನೆಲಮಾಳಿಗೆಗೆ ದಬ್ತೀಯಲ್ಲ!"

"ಇಷ್ಟು ವರ್ಷ ಮೇಲೆ ಕೂತಿದ್ರಲ್ಲ, ಸಾಕು. ಇಳೀರಿ."

ಗೊಣಗುತ್ತ, ನಗುತ್ತ, ಕುರ್ಚಿಗಳನ್ನು ಎತ್ತಿಕೊಂಡು ಇಳಿದರು. ಎಲ್ಲರ ಹಿಂದೆ ನಾನೂ ಕೈ ಒರೆಸಿಕೊಂಡು ಹೊರಟೆ.

"ನೀನೆಲ್ಲಿಗೆ? ಲಟ್ಟಿಸೋರು ಯಾರು?" ಎಂದರು ಆರ್ಡಿಸ್. "ಬಾಗಿಲು ಹಾಕ್ಕೊಂಡು ಬಾ. ರೇಡಿಯೋ ಹಚ್ಚು."

ಬಾಗಿಲು ಹಾಕಿದೆ, ರೇಡಿಯೋ ಹಚ್ಚಿದೆ. ನಾಲ್ಕನೆಯ ಲೆಫ್ಸೆ ಹರಿಯದೆ, ಮಡಚದೆ ಹಂಚಿನ ಮೇಲೆ ಹರಡಿಕೊಂಡಿತು. ಅಲ್ಲಲ್ಲಿ ಗುಳ್ಳೆ ಎದ್ದು ಕಂದು ಚುಕ್ಕೆ ಬಿತ್ತು. ಅವರು ಅದನ್ನು ಒಂದೇ ಏಟಿಗೆ ಮಗುಚಿದರು.

ಸ್ವಲ್ಪ ಹೊತ್ತಾದ ಮೇಲೆ ಕೇಳಿದೆ, "ಕೆಳಗೆ ಒಬ್ಬರೇ ಇದ್ದಾಗ ನಿಮಗೆ ಬೇಸರ ಆಗ್ತಿರಲಿಲ್ವಾ?"

"ಇಬ್ಬರು ಗಂಡುಮಕ್ಕಳು, ನಲವತ್ತು ಹಸು, ಒಬ್ಬ ಗಂಡ," ಎಂದರು ಆರ್ಡಿಸ್, ಹಂಚಿನಿಂದ ಕಣ್ಣು ತೆಗೆಯದೆ. "ವರ್ಷದಲ್ಲಿ ಆ ಒಂದು ದಿನ ಯಾರೂ ನನ್ನ ಕೂಗ್ತಿರಲಿಲ್ಲ."

"ನಾನು ಅವತ್ತು ಮಾತು ಕೊಟ್ಟಾಗಲೇ ಹೇಳಬಾರದಿತ್ತಾ?"

"ನೀನು ಕೇಳಲಿಲ್ವಲ್ಲ. ನೀನೇ ಹೇಳ್ಬಿಟ್ಟೆ, ಅಷ್ಟೆ." ಬೆಂದ ರೊಟ್ಟಿಯನ್ನು ಟವಲಿನ ಮಡಿಕೆಯೊಳಗೆ ಇಟ್ಟು ಮುಚ್ಚಿದರು. "ಆದ್ರೆ ಕಿಟಕಿ ಚೆನ್ನಾಗಿದೆ ಇಲ್ಲಿ. ಕೆಳಗೆ ಕಿಟಕಿ ಇರಲಿಲ್ಲ."

ಹಿಟ್ಟು ಮುಗಿಯುವವರೆಗೆ ನಾನು ಲಟ್ಟಿಸಿದೆ, ಅವರು ಬೇಯಿಸಿದರು. ಎಲ್ಲವೂ ಹದಿನಾಲ್ಕು ಇಂಚಿನವು. ಕೆಳಗಿನಿಂದ ಇಸ್ಪೀಟಿನ ಗದ್ದಲ, ವರ್ಲಿನ್ ಮೋಸ ಮಾಡಿದನೆಂದು ಯಾರೋ ಕೂಗುವುದು, ನೆಲದಡಿಯಿಂದ ಮಂದವಾಗಿ ಕೇಳಿಸುತ್ತಿತ್ತು.

ಆರ್ಡಿಸ್ ಲೆಫ್ಸೆಯನ್ನು ಮೇಲೆ ಮಾಡಿದರು, ನೆಲಮಾಳಿಗೆಯಲ್ಲಿ ಅಲ್ಲ. ಕೊಟ್ಟ ಮಾತು ಉಳಿಯಿತು.